ಓದುವ ಮುಂಚಿನ ಮೌನ

ಸೋಮವಾರ ಬೆಳಿಗ್ಗೆ ಕಾವಲುಗಾರನಿಂದ ಬೀಗದಕೈ ಇಸಿದುಕೊಂಡು ಗ್ರಂಥಾಲಯದ ಹಿಂಬದಿಯ ನಮ್ಮ ರೆಕಾರ್ಡಿಂಗ್ ಕೋಣೆಯ ಬಾಗಿಲು ತೆಗೆದೆ. ಬೀಗ ಒಡೆದಿರಲಿಲ್ಲ. ಕಿಟಕಿಯೂ ಸರಿಯಾಗಿತ್ತು. ಮೈಕು, ಹೆಡ್‌ಫೋನು, ಸದ್ದು ತಡೆಯಲೆಂದು ಗೋಡೆಗೆ ಹೊಡೆದಿದ್ದ ಹಳೇ ರಜಾಯಿಗಳು ಇದ್ದಲ್ಲೇ ಇದ್ದವು. ಎಲ್ಲರ ಓದಿನ ಎರಡನೇ ಪ್ರತಿ ಹಾಕಿ ಕಪಾಟಿನಲ್ಲಿಡುತ್ತಿದ್ದ ಡಿಸ್ಕ್ ಮಾತ್ರ ಇರಲಿಲ್ಲ. ಕಂಪ್ಯೂಟರ್ ಹಾಕಿದೆ. ಜೂರಾಕಾನ್ ಟೀಚರ್ ಹೆಸರಿನ ಫೋಲ್ಡರ್ ಇತ್ತು. ಅದರೊಳಗೆ ಏನೂ ಇರಲಿಲ್ಲ.

ಉಳಿದವರ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಲ್ಲರ ಓದೂ ಭದ್ರವಾಗಿತ್ತು. ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಬಂದವನು ಕಳ್ಳನಾಗಿದ್ದರೆ ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗುತ್ತಿದ್ದ. ಇವನಿಗೆ ಬೇಕಾಗಿದ್ದದ್ದು ಒಬ್ಬ ಹೆಂಗಸಿನ ದನಿಯನ್ನು ಇಲ್ಲವಾಗಿಸುವುದು. ಅದೂ ಆ ದನಿ ಮತ್ತೆ ಹುಟ್ಟುವುದು ಸಾಧ್ಯವೇ ಇಲ್ಲದ ಹೊತ್ತಿನಲ್ಲಿ.

ಜೂರಾಕಾನ್ ಟೀಚರ್ ಗಂಟಲಿಗೆ ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ದನಿಪೆಟ್ಟಿಗೆಯನ್ನೇ ತೆಗೆದರು. ಹಾಗಾಗುತ್ತದೆ ಅಂತ ಚಳಿಗಾಲದಲ್ಲೇ ಅವರಿಗೆ ಗೊತ್ತಿತ್ತು. ಗೊತ್ತಾದ ದಿನದಿಂದ ಕೂತು, ಬೆಟ್ಟದಾಚೆಯ ಹಳೇ ಕಥೆಗಳನ್ನು, ತೋಳ, ನರಿ, ಬೋಳುತಲೆ ಕುರುಬ, ಜಾಣ ಸೊಸೆ, ಒಂದಾದ ಮೇಲೊಂದು ಓದಿ ನಮಗೆ ಕೊಟ್ಟರು. ಅದನ್ನು ಊರವರಿಗೆ ಅಂತ ಕೊಟ್ಟದ್ದು ನಿಜ. ಆದರೆ ಯಾರಿಗಾಗಿ ಓದಿದರು ಅನ್ನುವುದು ನಮಗೆಲ್ಲ ಗೊತ್ತಿತ್ತು. ಅವರ ಮಗಳು ಪೆರಿಜಾತ್‌ಗೆ ಹುಟ್ಟಿನಿಂದಲೇ ಕಣ್ಣಿಲ್ಲ.

ಅವತ್ತು, ರೆಕಾರ್ಡ್ ಆಗಿದ್ದ ಕಥೆಗಳನ್ನೆಲ್ಲ ಮೊದಲ ಸಲ ಕೂತು ಕೇಳುವುದೆಂದು ತಾಯಿ ಮಗಳು ಇಬ್ಬರೂ ಬಂದರು. ನಾನು ಸುತ್ತಿ ಬಳಸದೆ ಹೇಳಿದೆ. ಟೀಚರ್ ಕುರ್ಚಿ ಹಿಡಿದುಕೊಂಡು ಕೂತರು. ಪೆರಿಜಾತ್ ಅಳಲಿಲ್ಲ.

"ಅಮ್ಮ ಪಕ್ಕದಲ್ಲೇ ಇದಾಳೆ, ಎಜೆ," ಅಂದಳು. ಕಿರಿಯರೆಲ್ಲ ನನ್ನನ್ನು ಹಾಗೆಯೇ ಕರೆಯುವುದು, ಅಕ್ಕಾ ಅಂದ ಹಾಗೆ. "ಕೈ ಹಿಡ್ಕೊಂಡಿದಾಳೆ. ಆದ್ರೆ ನಂಗೆ ಅವಳ ಮುಖ ಅಂದ್ರೆ ಆ ದನೀನೇ ಅಲ್ವಾ? ಅದನ್ನ ಯಾರು ತಗೊಂಡ್ರು?"

ಹುಡುಕಿ ಕೊಡುತ್ತೇನೆ ಅಂತ ನಾನು ಹೇಳಲಿಲ್ಲ. ಯಾರು ಅಂತ ಮಾತ್ರ ಹೇಳುತ್ತೇನೆ ಅಂದೆ.

* * *

ನಾನು ಬುರುಲ್ಕಾನ್. ಪೊಲೀಸ್ ತನಿಖೆಯಲ್ಲೇ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತಳಾದವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರೆಲ್ಲ ಹೇಳುತ್ತದೆ. ಅದು ಸುಳ್ಳೇನಲ್ಲ. ಕಥೆ ಓದುವ ಈ ಗುಂಪಿಗೆ ಸೇರಿದಾಗ ನನಗೂ ಓದುವ ಆಸೆ ಇತ್ತು. ಗುಂಪನ್ನು ನಡೆಸುವ ಸಬಿರ್ಕುಲ್ ನನ್ನ ಓದು ಕೇಳಿ, ಈ ದನಿಗೆ ಕುರಿ ಬೆದರಿ ಹಾಲು ಕೊಡುವುದಿಲ್ಲ ಅಂತ ನಕ್ಕ. ನನ್ನನ್ನು ಕೇಳುವ ಕೆಲಸಕ್ಕೆ ಹಾಕಿದ. ಯಾರು ಏನೇ ಓದಿದರೂ ಮೊದಲು ನನ್ನ ಕಿವಿ ದಾಟಬೇಕು. ಆಮೇಲೆ ಕುರುಡರ ಸಂಘಕ್ಕೆ, ಬೇಸಿಗೆ ಹುಲ್ಲುಗಾವಲಿಗೆ ಹೋಗುವ ಕುರುಬರ ಫೋನಿಗೆ.

ಕೆಲವರು ಗ್ರಂಥಾಲಯದ ಕೋಣೆಯಲ್ಲೇ ಓದುತ್ತಾರೆ, ಉಳಿದವರು ಮನೆಯಲ್ಲಿ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಮೈಕಿನ ಮುಂದೆ ಕೂತವರು ತಕ್ಷಣ ಶುರುಮಾಡುವ ಹಾಗಿಲ್ಲ. ಐದಾರು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಆ ಮನೆಯ ಮೌನ ರೆಕಾರ್ಡ್ ಆಗಬೇಕು. ಓದುವಾಗ ಕೆಮ್ಮಿದರೆ, ಬಾಗಿಲು ಬಡಿದರೆ, ಆ ಚೂರನ್ನು ಕತ್ತರಿಸಿ ಅದೇ ಮನೆಯ ಮೌನದಿಂದ ತೇಪೆ ಹಾಕುತ್ತೇವೆ. ಬೇರೆ ಮನೆಯ ಮೌನ ಹಾಕಿದರೆ ಕಿವಿಗೆ ಅಲ್ಲೊಂದು ತೂತು ಬಿದ್ದಂತೆ ಆಗುತ್ತದೆ. ಮೌನ ಬಿಡದೆ ಕಳಿಸಿದ ಓದನ್ನು ಸಬಿರ್ಕುಲ್ ತೆರೆದೂ ನೋಡದೆ ವಾಪಸ್ ಕಳಿಸುತ್ತಾನೆ. ಬಂದ ಮೌನಗಳನ್ನೆಲ್ಲ ಕತ್ತರಿಸಿ, ಗದ್ದಲ ಇದೆಯಾ ನೋಡಿ ಅಂತ ನನ್ನ ಫೋನಿಗೆ ಹಾಕುತ್ತಾನೆ. ಯಾರ ಮನೆಯ ಗಡಿಯಾರ ಕುಂಟುತ್ತದೆ, ಯಾರ ಮನೆಯ ನಲ್ಲಿ ಸೋರುತ್ತದೆ, ನನಗೆ ಗೊತ್ತು.

ಕಥೆಗಳನ್ನು ಮಾತ್ರ, ಕೆಲಸ ಮುಗಿಯುವವರೆಗೂ, ಯಾರೂ ಆ ಕೋಣೆಯಿಂದ ಆಚೆ ಒಯ್ಯುವಂತಿಲ್ಲ, ಮನೆಯಲ್ಲಿ ಓದಿದವರೂ ತಂದುಕೊಟ್ಟ ಮೇಲೆ ತಮ್ಮ ಪ್ರತಿ ಅಳಿಸಬೇಕು. ಅದೂ ನಮ್ಮದೇ ಕಟ್ಟುನಿಟ್ಟು. ಈಗ ನೆನೆಸಿಕೊಂಡರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

* * *

ಇನ್‌ಸ್ಪೆಕ್ಟರ್ ಮೆಲಿಸ್ ಬಂದ. ಕೆಲಸ ಕಲಿತದ್ದು ನನ್ನ ಕೈಕೆಳಗೆ. ಕಲಿತದ್ದನ್ನು ಬಹುಶಃ ನನ್ನ ಬೀಳ್ಕೊಡುಗೆ ದಿನವೇ ಮರೆತ. ಅವನ ಹುಡುಗರು ಕಂಪ್ಯೂಟರ್ ನೋಡಿ, ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಳಿಸಿದ್ದಾರೆ ಅಂದರು. ಭಾನುವಾರ ಗ್ರಂಥಾಲಯಕ್ಕೆ ರಜೆ. ಬೀಗದಕೈ ಇರುವುದು ಮೂವರ ಹತ್ತಿರ. ಕಾವಲುಗಾರ ಜುಮಾಶ್, ಸಬಿರ್ಕುಲ್, ಮತ್ತೆ ಹೊಸಬರಿಗೆ ಓದಲು ಕಲಿಸುವ ತೈಲಾಕ್.

ಮೆಲಿಸ್‌ಗೆ ಅಷ್ಟು ಸಾಕಾಯಿತು.

"ಜುಮಾಶ್ ಭಾನುವಾರ ಫುಲ್ ಟೈಟಾಗಿದ್ದ, ಎಜೆ. ಎಲ್ಲಿದ್ದೆ ಅಂದ್ರೆ ನೆನಪಿಲ್ಲ ಅಂತಾನೆ. ಡಿಸ್ಕ್ ಎತ್ಕೊಂಡು ಬಾಟ್ಲಿಗೆ ಮಾರಿದಾನೆ. ಅಳಿಸಿದ್ದು ಕೈತಪ್ಪಿ."

"ಕುಡಿದ ಕೈ ಅಷ್ಟು ಫೋಲ್ಡರಲ್ಲಿ ಒಂದನ್ನೇ ಹುಡುಕಿ ಅಳಿಸ್ತಾ?"

"ಅದೃಷ್ಟ ಕೆಟ್ಟಿತ್ತು ಅನ್ಕೊಳ್ಳಿ. ನಾಲ್ಕು ಕಥೆಗೋಸ್ಕರ ನಾನು ದೊಡ್ಡ ಕೇಸ್ ಹಾಕಿದ್ರೆ ಮೇಲಿನೋರು ನಗ್ತಾರೆ."

ಜುಮಾಶ್‌ನನ್ನು ಕುಡಿದು ಗಲಾಟೆ ಮಾಡಿದ ಅಂತ ಕೇಸು ಬರೆದು ಒಳಗೆ ಹಾಕಿದ. ಆ ಮುದುಕನಿಗೆ ಕಂಪ್ಯೂಟರ್ ಹಾಕುವುದೇ ಗೊತ್ತಿಲ್ಲ. ಇಡೀ ಚಳಿಗಾಲ ನಮ್ಮ ಕೋಣೆಗೆ ಒಲೆ ಹಚ್ಚಿಟ್ಟು, ಓದುವಾಗ ಸದ್ದಾಗಬಾರದೆಂದು ಬೂಟು ಬಿಚ್ಚಿ ಓಡಾಡಿದ ಮನುಷ್ಯ ಅವನು. ಮೆಲಿಸ್‌ಗೆ ಮುಖಕ್ಕೆ ಹೊಡೆದ ಹಾಗೆ ಬೈದೆ. ಅವನು ನಗುತ್ತಲೇ ಜೀಪು ಹತ್ತಿದ.

* * *

ಮಂಗಳವಾರ ತೈಲಾಕ್ ತಾನಾಗಿಯೇ ಬಂದ. ಬಿಳಿ ಕಲ್ಪಕ್ ಟೋಪಿ, ಇಸ್ತ್ರಿ ಮಾಡಿದ ಕೋಟು. ಜಿಲ್ಲಾ ರೇಡಿಯೋದಲ್ಲಿ ಮೂವತ್ತು ವರ್ಷ ವಾರ್ತೆ ಓದಿದವನು. ನಮ್ಮ ಊರಿನ ಮದುವೆಗಳಲ್ಲಿ ಔತಣದ ಹೊತ್ತಿಗೆ ಮೈಕು ಹಿಡಿದು ನಿರೂಪಣೆ ಮಾಡುವವನೂ ಅವನೇ. ಗುಂಪಿನಲ್ಲಿ ಅವನಷ್ಟು ಚೊಕ್ಕವಾಗಿ ಓದುವವರಿಲ್ಲ. ಅವನ ಓದಿನಲ್ಲಿ ನಾನು ಯಾವತ್ತಾದರೂ ತಪ್ಪು ಹುಡುಕಿದ್ದರೆ ಅದು ಅವನದಲ್ಲ, ಅವನು ಸಾಕಿದ ಕೌಜುಗದ್ದು. ಪಂಜರಕ್ಕೆ ಬಟ್ಟೆ ಹೊದಿಸಿ ಒಳಕೋಣೆಯಲ್ಲಿಟ್ಟರೂ ಅದು ಕೆರೆಯುತ್ತಲೇ ಇರುತ್ತಿತ್ತು. ಮಾರ್ಚಿನಲ್ಲಿ, ನೌರೂಜ್ ಹಬ್ಬದ ಹೊತ್ತಿಗೆ, ಪಕ್ಕದ ಮನೆ ಬೆಕ್ಕು ಅದನ್ನು ಹಿಡಿಯಿತು. ತೈಲಾಕ್ ಸಾವಿನ ಮನೆಯವನ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅಲ್ಲಿಂದಾಚೆ ಅವನ ಮೌನ ಶುದ್ಧವಾಯಿತು.

ಈಗ ಟೀಚರ್ ವಿಷಯಕ್ಕೆ ಅವನ ಕಣ್ಣು ಒದ್ದೆಯಾಗಿತ್ತು. ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೂ ಮನೆಯಲ್ಲೇ ಕೂತು ಓದುತ್ತಿದ್ದೆ ಅಂದ. ನಾನು ಕೇಳುವ ಮೊದಲೇ ಆ ರೆಕಾರ್ಡಿಂಗ್ ಮುಂದಿಟ್ಟ. ಭಾನುವಾರದ ತಾರೀಖು ಇತ್ತು, ಒಂಬತ್ತೂಮುಕ್ಕಾಲರ ಸಮಯ ಇತ್ತು.

"ಟೀಚರ್ ಓದಿದ್ದನ್ನೆಲ್ಲ ನಾನೇ ಮತ್ತೆ ಓದ್ತೀನಿ," ಅಂದ. "ಪುಣ್ಯದ ಕೆಲಸ. ಯಾರಾದ್ರೂ ಮಾಡ್ಲೇಬೇಕಲ್ಲ."

ನಮ್ಮ ಕಟ್ಟುನಿಟ್ಟು ಮುರಿದು ಅದನ್ನು ಮನೆಗೆ ಒಯ್ದು ಕೇಳಿದೆ. ಓದು ಎಂದಿನ ಹಾಗೆ ಚೊಕ್ಕವಾಗಿತ್ತು. ಆರಂಭದ ಮೌನವೂ ಇತ್ತು. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೊಳೆಯಲಿಲ್ಲ. ಅವನ ಹೆಸರು ಸದ್ಯಕ್ಕೆ ಬದಿಗಿಟ್ಟೆ.

* * *

ಉಳಿದವನು ಸಬಿರ್ಕುಲ್. ಮನೆಗೆ ಹೋದಾಗ ಅವನ ಹೆಂಡತಿ ಹಾಲಿನ ಚಹಾ ಬಗ್ಗಿಸಿದಳು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೊಕ್ ಮುಂದಿಟ್ಟಳು. ನಾನು ನೇರ ವಿಷಯಕ್ಕೆ ಬಂದೆ. ಟೀಚರ್ ಕಥೆಗಳ ಮೂರನೇ ಪ್ರತಿ ಮಾಡಿ ರಾಜಧಾನಿಯಲ್ಲಿರುವ ತಂಗಿ ಮನೆಯಲ್ಲಿಡುತ್ತೇನೆ ಅಂತ ಅವನು ಮೇ ತಿಂಗಳಿಂದ ಹೇಳುತ್ತಿದ್ದ. ಅದೆಲ್ಲಿ ಅಂತ ಕೇಳಿದೆ. ಆ ಡಿಸ್ಕ್ ಕೆಟ್ಟುಹೋಯಿತು ಅಂದ. ಕೆಟ್ಟ ಡಿಸ್ಕನ್ನೇ ಕೊಡು ಅಂದೆ. ಬಿಸಾಕಿದೆ ಅಂದ. ನನ್ನ ಮುಖ ನೋಡಲಿಲ್ಲ.

"ಭಾನುವಾರ ಎಲ್ಲಿದ್ದೆ?"

"ಮನೇಲೇ. ಮೈ ಸರಿ ಇರ್ಲಿಲ್ಲ."

ಹೆಂಡತಿಯ ಕೈಯಲ್ಲಿದ್ದ ಚಹಾ ಪಾತ್ರೆ ಗಾಳಿಯಲ್ಲೇ ನಿಂತಿತು. ಕಿಟಕಿಯಾಚೆ ಅಂಗಳದಲ್ಲಿ ಕೊಬ್ಬಿದ ಟಗರೊಂದು ಹೊಸ ಹಗ್ಗದಲ್ಲಿ ಕಟ್ಟಿಸಿಕೊಂಡು ಅರಚುತ್ತಿತ್ತು. ಬೆನ್ನ ಮೇಲೆ ದನದ ಸಂತೆಯ ನೀಲಿ ಬಣ್ಣದ ಗುರುತು ಇನ್ನೂ ಮಾಸಿರಲಿಲ್ಲ. ಆ ಸಂತೆ ನಡೆಯುವುದು ಭಾನುವಾರ ಮಾತ್ರ.

"ಇದೇನು, ಮನೇಲೇ ಹುಟ್ತಾ? ಹುಟ್ಟುವಾಗಲೇ ಬಣ್ಣ ಹಚ್ಕೊಂಡು ಬಂತಾ?"

ಸಬಿರ್ಕುಲ್ ಅಂಗೈಯಿಂದ ಮುಖ ಉಜ್ಜಿಕೊಂಡ. ಭಾನುವಾರ ಗ್ರಂಥಾಲಯಕ್ಕೆ ಹೋಗಿ ಮೂರನೇ ಪ್ರತಿ ಮಾಡಬೇಕೆಂದೇ ಇದ್ದನಂತೆ. ಮಗನ ಮದುವೆಗೆ ಟಗರು ಬೇಕು ಅಂತ ಸಂತೆಗೆ ಹೋದನಂತೆ. ಮುಂದಿನ ವಾರ ಮಾಡಿದರಾಯಿತು ಅಂದುಕೊಂಡನಂತೆ.

"ಪ್ರತಿ ವಾರಾನೂ ಹಂಗೇ ಅನ್ಕೊಂಡೆ, ಎಜೆ. ಟೀಚರ್ ಮುಖ ಹೆಂಗೆ ನೋಡ್ಲಿ ಹೇಳಿ."

ಆ ಬೊರ್ಸೊಕ್ ತಟ್ಟೆಯನ್ನು ಅವನ ತಲೆ ಮೇಲೆ ಸುರಿಯಬೇಕು ಅನ್ನಿಸಿತು. ಒಬ್ಬ ಹೆಂಗಸು ಸಾವಿನ ಹತ್ತಿರ ಕೂತು ಒಂದು ದಿನವೂ ತಪ್ಪದೆ ಓದಿದಳು. ಇವನಿಗೆ ಅದನ್ನು ಇನ್ನೊಂದು ಡಿಸ್ಕಿಗೆ ಹಾಕಲು ಪುರುಸೊತ್ತಾಗಲಿಲ್ಲ. ಆದರೂ ಒಮ್ಮೆ ಸುಳ್ಳು ಹೇಳಿದವನ ಎರಡನೇ ಮಾತನ್ನೂ ಪರೀಕ್ಷಿಸಬೇಕು. ಟಗರು ಮಾರಿದವನು ಸಿಗುವುದು ಮುಂದಿನ ಸಂತೆಯಲ್ಲೇ.

* * *

ಭಾನುವಾರ ಬಂತು. ಜುಮಾಶ್ ಇನ್ನೂ ಒಳಗೇ ಇದ್ದ. ನಾನು ಬೆಳಿಗ್ಗೆ ಕಾರು ತೆಗೆದುಕೊಂಡು ಸಂತೆಗೆ ಹೊರಟೆ. ಸಂತೆಯ ರಸ್ತೆಯಲ್ಲಿ ಕಾರು ಮುಂದೆ ಹೋಗಲೇ ಇಲ್ಲ. ಮುಂದೆ ಕುರಿ ತುಂಬಿದ ಲಾರಿ, ಹಿಂದೆ ಕುದುರೆ ತುಂಬಿದ ಲಾರಿ. ಹಾರನ್ನು, ಅರಚಾಟ, ಕೆನೆತ, ದಳ್ಳಾಳಿಗಳ ಬೈಗುಳ. ಯಾರಿಗಾದರೂ ಬಾಯಿ ತುಂಬ ಬೈಯೋಣ ಅಂತ ಕಿಟಕಿ ಇಳಿಸಿದೆ. ಎದುರಿಗೆ ಹಸಿರು ಗೇಟು ಕಾಣಿಸಿತು. ತೈಲಾಕ್‌ನ ಮನೆ.

ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.

ಭಾನುವಾರ ಬೆಳಕು ಹರಿದಾಗಿನಿಂದ ಮಧ್ಯಾಹ್ನದವರೆಗೂ ಈ ರಸ್ತೆಯಲ್ಲಿ ಇದೇ ಗತಿ. ಗೋಡೆಗೆ ಹತ್ತು ರಜಾಯಿ ಹೊಡೆದರೂ ಈ ಲಾರಿಗಳ ನಡುಕ ಮೈಕಿಗೆ ಇಳಿಯದೆ ಇರುವುದಿಲ್ಲ. ತೈಲಾಕ್ ಕೊಟ್ಟ ಭಾನುವಾರದ ಮೌನದಲ್ಲಿ ಒಂದು ಕುರಿಯೂ ಅರಚಿರಲಿಲ್ಲ. ನನ್ನ ಕಿವಿಗೆ ಸರಿಯಿಲ್ಲ ಅನ್ನಿಸಿದ್ದು ಇದೇ ಇರಬೇಕು.

ಸಂತೆಯಲ್ಲಿ ಟಗರು ಮಾರಿದವನು ಸಿಕ್ಕ. ಸಬಿರ್ಕುಲ್ ಬೆಳಗಿನಿಂದ ಚೌಕಾಸಿ ಮಾಡಿ ತನ್ನ ಜೀವ ತಿಂದ ಅಂತ ನೆನೆಸಿಕೊಂಡು ಶಪಿಸಿದ. ಸಬಿರ್ಕುಲ್ ಸೋಮಾರಿ, ಕಳ್ಳನಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ತೈಲಾಕ್‌ನ ಆ ಮೌನವನ್ನು ದನಿ ಏರಿಸಿ ಮತ್ತೆ ಮತ್ತೆ ಕೇಳಿದೆ. ಇದ್ದಿದ್ದು ಬರೀ ಲಾರಿಗಳ ಕೊರತೆಯಲ್ಲ. ಅಲ್ಲಿ ಇನ್ನೊಂದು ಇತ್ತು. ಅದನ್ನು ಕೇಳಿದ ಮೇಲೆ ಮೆಲಿಸ್‌ಗೆ ಫೋನ್ ಮಾಡಿದೆ.

* * *

ಸೋಮವಾರ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದೆ. ಟೀಚರ್, ಪೆರಿಜಾತ್, ಸಬಿರ್ಕುಲ್, ತೈಲಾಕ್. ಮೆಲಿಸ್ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ. ಜುಮಾಶ್‌ನನ್ನು ಕರೆದುಕೊಂಡು ಬಾರದೆ ನಾನು ಬಾಯಿ ಬಿಡುವುದಿಲ್ಲ ಅಂದಿದ್ದಕ್ಕೆ ಅವನನ್ನೂ ತಂದಿದ್ದ. ಜುಮಾಶ್ ಅಭ್ಯಾಸಬಲದಿಂದ ಬೂಟು ಬಿಚ್ಚಿ ಒಳಗೆ ಬಂದು ಮೂಲೆಯಲ್ಲಿ ನಿಂತ.

ಸ್ಪೀಕರ್ ಹಾಕಿದೆ. ತೈಲಾಕ್‌ನ ಮೌನ ಕೋಣೆ ತುಂಬಿತು.

"ಏನೂ ಕೇಳಿಸ್ತಿಲ್ವಲ್ಲ," ಅಂದ ಮೆಲಿಸ್.

"ನಿಂಗೆ ಯಾವತ್ತು ಕೇಳ್ಸಿದೆ? ಪೆರಿಜಾತ್, ನಿಂಗೆ?"

ಪೆರಿಜಾತ್ ತಲೆ ಓರೆ ಮಾಡಿದಳು. "ಏನೋ ಕೆರೀತಿದೆ. ತಂತಿ ಮೇಲೆ ಉಗುರು ಆಡ್ಸಿದಂಗೆ. ಆಮೇಲೆ ಅರ್ಧ ಕೂಗು. ಹಕ್ಕಿ ಅದು, ಎಜೆ. ಪಂಜರದ್ದು."

"ಕೌಜುಗ," ಅಂದೆ. "ತೈಲಾಕ್, ಕಳ್ಳತನ ಆದ ಭಾನುವಾರ ನಿನ್ನ ಮನೇಲಿ ಕೌಜುಗ ಇತ್ತಾ?"

ಅವನು ತಡಮಾಡಲಿಲ್ಲ. ದನಿ ಮೊದಲಿನಷ್ಟೇ ಚೊಕ್ಕವಾಗಿತ್ತು. "ಹೊಸದು ತಂದಿದ್ದೆ."

"ಒಳ್ಳೇದು. ನಡಿ, ತೋರ್ಸು. ಮೆಲಿಸ್ ಜೀಪ್ ತಂದಿದಾನೆ."

ಅವನು ಕದಲಲಿಲ್ಲ.

ಆಗ ಒಂದೊಂದಾಗಿ ಬಿಡಿಸಿ ಹೇಳಿದೆ. ಅವನು ಮುಂದಿಟ್ಟದ್ದು ಭಾನುವಾರದ ಓದಲ್ಲ. ಹಕ್ಕಿ ಬದುಕಿದ್ದಾಗ, ಚಳಿಗಾಲದಲ್ಲಿ ಓದಿ, ನಮಗೆ ಕೊಡದೆ ಇಟ್ಟುಕೊಂಡಿದ್ದ ಓದು. ಫೈಲಿನ ತಾರೀಖು ಬದಲಾಯಿಸುವುದು ಈಗ ಶಾಲೆಯ ಹುಡುಗರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಓದಿದ್ದೇ ನಿಜವಾಗಿದ್ದರೆ ಅದರಲ್ಲಿ ಸಂತೆಯ ಲಾರಿಗಳಿರಬೇಕಿತ್ತು. ಅವು ಇರಲಿಲ್ಲ. ಇರಬಾರದ ಹಕ್ಕಿ ಇತ್ತು. ಅಪರಾಧ ಮಾಡದವನಿಗೆ, ಅದೂ ಯಾರೂ ಕೇಳುವ ಮೊದಲೇ, ಸುಳ್ಳು ಬೆಳಗೊಂದನ್ನು ತಯಾರು ಮಾಡಿ ತರುವ ಗರಜು ಏನು?

ಮೆಲಿಸ್ ಆಕಳಿಸುವುದನ್ನು ನಿಲ್ಲಿಸಿದ್ದ. ಆ ಮೌನವನ್ನು ಕತ್ತರಿಸಿ ಕೊಡಬಹುದಿತ್ತಲ್ಲ ಅಂತ ಕೇಳಿದ.

"ಮೌನ ಇಲ್ದೆ ಕೊಟ್ರೆ ನಾವು ತಗೊಳ್ಳಲ್ಲ. ಹೊಸಬರಿಗೆ ಅದನ್ನ ಕಲಿಸೋನೇ ಇವನು. ಮೌನ ಅಂದ್ರೆ ಮೌನ, ಅದರಲ್ಲೇನಿರತ್ತೆ ಅನ್ಕೊಂಡ. ತನ್ನ ದನಿ ಶುರುವಾಗೋಕೆ ಮುಂಚೆ ಈ ಪ್ರಪಂಚದಲ್ಲಿ ಕೇಳೋ ಅಂಥದ್ದೇನೂ ಇಲ್ಲ ಅಂತ ಇವನ ಲೆಕ್ಕ."

ತೈಲಾಕ್ ಟೋಪಿ ತೆಗೆದು ಮಂಡಿ ಮೇಲೆ ಇಟ್ಟುಕೊಂಡ. ಮಾತು ಬಂದಾಗ ಅದು ರೇಡಿಯೋ ದನಿಯಾಗಿರಲಿಲ್ಲ.

"ಮೂವತ್ತು ವರ್ಷ ಈ ಜಿಲ್ಲೆಗೆ ನಾನೇ ದನಿ. ಮಾರ್ಚಲ್ಲಿ ಕುರುಡರ ಸಂಘದೋರನ್ನ ಈ ಕೋಣೆಗೇ ಕರೆಸಿ ಒಂದೊಂದು ಕಥೆ ಹಾಕಿದ್ವಲ್ಲ, ನೆನಪಿದ್ಯಾ? ನಂದು ಬರುವಾಗ ಚಹಾ ಯಾವಾಗ ಅಂತ ಕೇಳಿದ್ರು. ಇವರದು ಮುಗೀತಿದ್ದಂಗೆ ಇನ್ನೊಂದ್ಸಲ ಹಾಕಿ ಅಂದ್ರು. ಇನ್ನೊಂದ್ಸಲ, ಇನ್ನೊಂದ್ಸಲ. ಇವರು ಓದೋದೇನು ಓದಾ? ಅಡಿಗೆಮನೇಲಿ ಮಾತಾಡ್ದಂಗೆ ಮಾತಾಡ್ತಾರೆ."

"ಅದಕ್ಕೇ ಜನ ಕೇಳಿದ್ದು," ಅಂದೆ. "ಡಿಸ್ಕ್ ಎಲ್ಲಿ?"

"ಹೊಳೆಗೆ ಹಾಕ್ದೆ."

ಜೂನ್‌ನಲ್ಲಿ ನಮ್ಮ ಹೊಳೆ ಹಿಮ ಕರಗಿ ಬಂಡೆ ಉರುಳಿಸಿಕೊಂಡು ಹೋಗುತ್ತದೆ. ಹೊಟ್ಟೆಕಿಚ್ಚಿನಲ್ಲಿ ಬೈದವರನ್ನು, ಹೊಡೆದವರನ್ನು, ಕಣಜಕ್ಕೆ ಬೆಂಕಿ ಇಟ್ಟವರನ್ನು ನಾನು ನೋಡಿದ್ದೇನೆ. ಅದ್ಯಾವುದಕ್ಕೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಈ ಮನುಷ್ಯನಿಗೆ ಇನ್ನೂ ದನಿ ಇತ್ತು, ಮದುವೆಗಳಿದ್ದವು, ಮೈಕು ಇತ್ತು. ಟೀಚರ್ ಹತ್ತಿರ ಉಳಿದಿದ್ದು ಅದೊಂದೇ.

ಟೀಚರ್ ಎದ್ದರು. ತೈಲಾಕ್‌ನ ಮುಂದೆ ಬಂದು ನಿಂತು, ಕುತ್ತಿಗೆಗೆ ಸುತ್ತಿದ್ದ ರುಮಾಲನ್ನು ನಿಧಾನವಾಗಿ ಬಿಚ್ಚಿದರು. ಗಂಟಲಿನ ತೂತು ಕಾಣಿಸಿತು. ಅದರಲ್ಲಿ ಉಸಿರು ಬಂದು ಹೋಗುವುದು ಎಲ್ಲರಿಗೂ ಕೇಳಿಸಿತು. ಅವನು ನೆಲ ನೋಡುವವರೆಗೂ ಅವರು ಹಾಗೆಯೇ ನಿಂತಿದ್ದರು. ಆಮೇಲೆ ರುಮಾಲು ಸುತ್ತಿಕೊಂಡು ಮಗಳ ಪಕ್ಕ ಹೋಗಿ ಕೂತರು.

"ತಪ್ಪಾಯ್ತು," ಅಂದ ತೈಲಾಕ್. "ಪೆರಿಜಾತ್, ಆ ಕಥೆಗಳನ್ನೆಲ್ಲ ನಿಂಗೋಸ್ಕರ ನಾನೇ ಓದಿಕೊಡ್ತೀನಮ್ಮ."

"ಬೇಡ ಬೈಕೆ," ಅಂದಳು ಅವಳು. ಹಿರಿಯ ಗಂಡಸರನ್ನು ಕರೆಯುವ ಹಾಗೆ, ಮರ್ಯಾದೆ ಬಿಡದೆ. "ನಿಮ್ಮ ದನಿ ನಮ್ಮ ಮನೆ ಒಳಗೆ ಬರೋದು ಬೇಡ."

ಮೆಲಿಸ್ ಅವನನ್ನು ಕರೆದುಕೊಂಡು ಹೊರಟ. ಬಾಗಿಲಲ್ಲಿ ನನ್ನ ಹತ್ತಿರ ತಗ್ಗಿದ ದನಿಯಲ್ಲಿ, ದಂಡ ಕಟ್ಟಿ ಹೊರಗೆ ಬರುತ್ತಾನೆ, ಹೆಚ್ಚೇನೂ ಆಗುವುದಿಲ್ಲ ಅಂದ. ಕಾನೂನಿನ ಪ್ರಕಾರ ಹೋಗಿದ್ದು ಒಂದು ಡಿಸ್ಕ್ ಅಷ್ಟೇ. ನನಗೂ ಗೊತ್ತಿತ್ತು. ಗೊತ್ತಿದ್ದರೂ ಬಾಗಿಲನ್ನು ಕಾಲಿಂದ ಒದ್ದೆ. ಆಮೇಲೆ ಜುಮಾಶ್‌ನ ಎದುರು ನಿಂತು ಕ್ಷಮೆ ಕೇಳು ಅಂತ ಅವನಿಗೆ ಅಂದೆ, ಜೀಪಿನ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಅವನ ಮನೆ ಬಾಗಿಲಿಗೆ ಬಿಟ್ಟು ಬಾ ಅಂದೆ. ಮೆಲಿಸ್ ನನ್ನ ಮುಖ ನೋಡಿ ಎರಡನ್ನೂ ಮಾಡಿದ.

* * *

ಕೋಣೆಯಲ್ಲಿ ತಾಯಿ ಮಗಳು ಕೂತೇ ಇದ್ದರು. ಸಬಿರ್ಕುಲ್ ಗೋಡೆಯ ಕಡೆ ತಿರುಗಿ ಅಳುತ್ತಿದ್ದ. ಇವನನ್ನು ಇನ್ನೊಮ್ಮೆ ಬೈಯೋಣ ಅಂತ ಬಾಯಿ ತೆಗೆದೆ. ಆಗ ನನಗೆ ಹೊಳೆಯಿತು.

ಟೀಚರ್ ಓದಿದ ಕಥೆಗಳು ಹೋದವು. ಕಥೆಗಳಿಗೆ ಮುಂಚಿನ ಮೌನಗಳು ಹೋಗಿರಲಿಲ್ಲ. ಈ ಸೋಮಾರಿ ಅವನ್ನೆಲ್ಲ ಕತ್ತರಿಸಿ ಚಳಿಗಾಲವೆಲ್ಲ ನನ್ನ ಫೋನಿಗೆ ಹಾಕಿದ್ದ. ಒಂದು ವಾರದಿಂದ ನಾನು ತೈಲಾಕ್‌ನ ಮೌನದ ಹಿಂದೆ ಬಿದ್ದಿದ್ದೆ. ಟೀಚರ್ ಮೌನಗಳು ನನ್ನ ಕೋಟಿನ ಜೇಬಿನಲ್ಲೇ ಇದ್ದದ್ದು ನೆನಪಾಗಲಿಲ್ಲ. ಅದರಲ್ಲಿ ಒಂದು ಮೌನ ತೇಪೆಗೆ ಬರುವುದಿಲ್ಲ ಅಂತ ನಾನು ಬೇಡವೆಂದಿದ್ದದ್ದು. ಕಾರಣ, ಅದರ ಮಧ್ಯೆ ಮಾತು ಇತ್ತು.

ಪೆರಿಜಾತ್‌ಗೆ ಹೆಡ್‌ಫೋನ್ ಹಾಕಿದೆ. ಇದು ಕಥೆಯಲ್ಲ ಮಗಾ, ಮೊದಲೇ ಹೇಳ್ತಿದೀನಿ, ಅಂದೆ. ಅವಳು ತಲೆಯಾಡಿಸಿದಳು.

ಮೊದಲು ಅವರ ಮನೆಯ ಗೋಡೆ ಗಡಿಯಾರ. ಅವಳ ಮುಖದಲ್ಲಿ ಗುರುತು ಹತ್ತಿದ್ದು ಕಂಡಿತು. ಆಮೇಲೆ ಪುಟ ತಿರುಗಿದ ಸದ್ದು. ಆಮೇಲೆ ತಾಯಿಯ ಉಸಿರು, ಇನ್ನೂ ಮೂಗಿನಿಂದಲೇ ಆಡುತ್ತಿದ್ದ ಕಾಲದ್ದು. ಮುಂದಿನದನ್ನು ನಾನು ಅವಳ ಮುಖ ನೋಡಿಯೇ ತಿಳಿದೆ. ಟೀಚರ್ ಆಡಿದ ಆ ಮಾತು ನನಗೆ ಬಾಯಿಪಾಠವಾಗಿತ್ತು.

"ಪೆರಿ, ಸದ್ದಾಗತ್ತೆ ಅಂತ ಉಸಿರು ಬಿಗಿಹಿಡ್ಕೊಂಡು ಕೂತಿದೀಯಲ್ಲ, ಬಿಡೇ. ನೀನು ಉಸಿರಾಡೋದು ಕೇಳಿಸ್ತಿದ್ರೇನೇ ನಂಗೆ ಓದೋಕಾಗೋದು."

ಪಕ್ಕದಲ್ಲಿ ಕೂತಿದ್ದ ಟೀಚರ್‌ಗೆ ಏನೂ ಕೇಳಿಸಿರಲಿಲ್ಲ. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಪೆರಿಜಾತ್ ಅಷ್ಟು ಹೊತ್ತೂ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟಳು. ಬಿಟ್ಟು, ಇನ್ನೊಂದ್ಸಲ ಹಾಕಿ ಎಜೆ, ಅಂದಳು.